ಸಣ್ಣ ಮೈಕಟ್ಟಿಗೆ ಜೋಡಿ ಟ್ಯಾಂಕು: ಲೀಟರಿಗಿಂತ ಮೊದಲು ಉದ್ದ ನೋಡಿ

ಎತ್ತರ ಐದಡಿ ಆಸುಪಾಸು, ತೂಕ 45ರಿಂದ 55 ಕೆ.ಜಿ. ಇಂಥ ಮೈಕಟ್ಟಿನವರು ಸ್ಕೂಬಾ ಡೈವಿಂಗಿನಲ್ಲಿ ಡಬಲ್ಸ್ (ಬೆನ್ನಿಗೆ ಜೋಡಿ ಗಾಳಿ ಟ್ಯಾಂಕು) ಕಡೆ ಹೊರಳಿದಾಗ ಹೆಚ್ಚಾಗಿ ಸಿಗುವ ಸಲಹೆ 'ಗಿಡ್ಡನೆಯ ಸ್ಟೀಲ್ 12 ಲೀಟರ್ ಜೋಡಿ ತಗೊಳ್ಳಿ' ಎಂಬುದು. ಡ್ರೈಸೂಟ್ (ನೀರು ಒಳಬಿಡದ, ಒಳಗೆ ಗಾಳಿ ತುಂಬಿಕೊಳ್ಳುವ ಸೂಟು) ಹಾಕಿ ತಣ್ಣೀರಿಗೆ ಇಳಿಯುವ ಊರುಗಳಲ್ಲಿ ಅದು ಸರಿಯಾದ ಮಾತೇ. ದಾವಣಗೆರೆ, ಚಿತ್ರದುರ್ಗದಿಂದ ಹೊರಟವರು ಇಳಿಯುವುದು ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲಿ, ಅಂಡಮಾನಿನಲ್ಲಿ, ಲಕ್ಷದ್ವೀಪದಲ್ಲಿ. ಮೈಮೇಲೆ ಇರುವುದು 3 ಮಿ.ಮೀ. ದಪ್ಪದ ರಬ್ಬರಿನ ವೆಟ್‌ಸೂಟ್. ಅಲ್ಲಿ ಆ ಸಲಹೆ ಹಿಡಿದು ಹೋದರೆ ಬೆನ್ನಿಗೂ ಕಷ್ಟ, ಜೀವಕ್ಕೂ ಅಪಾಯ. ನಮ್ಮ ಆಯ್ಕೆ ಮೊದಲೇ ಹೇಳಿಬಿಡುತ್ತೇವೆ: ಕೊಳ್ಳುವುದಾದರೆ ಅಲ್ಯೂಮಿನಿಯಂ 63ರ ಜೋಡಿ (63, 80 ಎಂಬುದು ಟ್ಯಾಂಕು ಹಿಡಿಯುವ ಗಾಳಿ, ಸುಮಾರಾಗಿ ಘನ ಅಡಿಗಳಲ್ಲಿ). ಬಾಡಿಗೆಗೆ ಅಲ್ಯೂಮಿನಿಯಂ 80 ಮಾತ್ರ ಸಿಗುವುದಾದರೆ ಅದನ್ನೇ ಸರಿಯಾಗಿ ಹೊಂದಿಸಿಕೊಂಡು ಬಳಸುವುದು. ಸ್ಟೀಲ್ ಬೇಕೇ ಬೇಕು ಎನ್ನುವವರಿಗೆ 171 ಮಿ.ಮೀ. ವ್ಯಾಸದ 10 ಲೀಟರ್, ಅದೂ ಡ್ರೈಸೂಟ್ ಜೊತೆಗೆ ಮಾತ್ರ.

ಅಂಗಡಿಯ ಪಟ್ಟಿ ತೆರೆಯುವ ಮೊದಲು ಟೇಪು ಹಿಡಿಯಿರಿ. ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬಿ ಬರುವ ಮೂಳೆಯಿಂದ ಕುರ್ಚಿಯ ಹಲಗೆಯವರೆಗೆ ಅಳೆಯಬೇಕು. ಐದಡಿಯವರಲ್ಲಿ ಇದು ಸುಮಾರು 56ರಿಂದ 60 ಸೆಂ.ಮೀ. ಬರುತ್ತದೆ. ಅಲ್ಯೂಮಿನಿಯಂ 80ರ ಉದ್ದ 66 ಸೆಂ.ಮೀ. ಅದರ ಮೇಲೆ ವಾಲ್ವ್ ಮತ್ತು ಮ್ಯಾನಿಫೋಲ್ಡ್ (ಎರಡೂ ಟ್ಯಾಂಕುಗಳನ್ನು ಕೂಡಿಸುವ ಕೊಳವೆ) ಸೇರಿ ಇನ್ನೊಂದು 8 ಸೆಂ.ಮೀ. ದೋಣಿಯ ಬೆಂಚಿನ ಮೇಲೆ ಕೂತಾಗ ಟ್ಯಾಂಕಿನ ತಳ ಹಲಗೆಗೆ ತಾಗಿ, ಇಡೀ ಜೋಡಿ ಮೇಲಕ್ಕೆ ಸರಿಯುತ್ತದೆ. ಹೆಗಲ ಪಟ್ಟಿ ಸಡಿಲವಾಗುತ್ತದೆ, ಮ್ಯಾನಿಫೋಲ್ಡ್ ತಲೆಬುರುಡೆಯ ಹಿಂಭಾಗಕ್ಕೆ ಬಂದು ನಿಲ್ಲುತ್ತದೆ. ಅಲೆಗೆ ದೋಣಿ ಎದ್ದು ಕುಕ್ಕಿದರೆ ಪೆಟ್ಟು ನೇರ ಅಲ್ಲಿಗೇ. ಅಲ್ಯೂಮಿನಿಯಂ 63ರ ಉದ್ದ ಸುಮಾರು 56 ಸೆಂ.ಮೀ. ವಾಲ್ವ್ ಸೇರಿ 64. ಅದೇ ಬೆಂಚಿನ ಮೇಲೆ ಮ್ಯಾನಿಫೋಲ್ಡ್ ಕತ್ತಿನ ಮಟ್ಟಕ್ಕೇ ನಿಲ್ಲುತ್ತದೆ. ವ್ಯಾಸ ಎರಡಕ್ಕೂ ಒಂದೇ, 18.4 ಸೆಂ.ಮೀ. ಹಾಗಾಗಿ 80ಕ್ಕೆ ಕೂರುವ ಬ್ಯಾಂಡು (ಜೋಡಿಯನ್ನು ಸುತ್ತಿ ಬಿಗಿಯುವ ಸ್ಟೀಲ್ ಪಟ್ಟಿ), ಮ್ಯಾನಿಫೋಲ್ಡು ಎರಡೂ 63ಕ್ಕೂ ಕೂರುತ್ತವೆ. ಬೇರೆ ಊರಿನಲ್ಲಿ 80 ಬಾಡಿಗೆಗೆ ತೆಗೆದುಕೊಂಡಾಗಲೂ ನಿಮ್ಮದೇ ಬ್ಯಾಂಡು ಕೆಲಸಕ್ಕೆ ಬರುತ್ತದೆ. ಇದು ಸಣ್ಣ ಅನುಕೂಲವಲ್ಲ.

ಈಗ ತೂಕ. ಅಲ್ಯೂಮಿನಿಯಂ 80 ಖಾಲಿ 14.3 ಕೆ.ಜಿ. ತುಂಬಿಸಿದ ಗಾಳಿಯೇ ಟ್ಯಾಂಕಿಗೆ 2.6 ಕೆ.ಜಿ.ಗೂ ಮೇಲೆ. ಜೋಡಿಗೆ ಬ್ಯಾಂಡು, ಮ್ಯಾನಿಫೋಲ್ಡ್ ಸೇರಿಸಿದರೆ 37 ಕೆ.ಜಿ. ದಾಟುತ್ತದೆ. ಸ್ಟೀಲ್ ಬ್ಯಾಕ್‌ಪ್ಲೇಟ್ (ಟ್ಯಾಂಕು ಕೂರಿಸುವ ಬೆನ್ನುಹಲಗೆ), ವಿಂಗ್ (ಗಾಳಿ ತುಂಬಿ ತೇಲಿಸುವ ಚೀಲ), ರೆಗ್ಯುಲೇಟರ್ (ಉಸಿರಾಟದ ಸಾಧನ) ಎಲ್ಲ ಹಾಕಿ ಎದ್ದು ನಿಂತರೆ ಬೆನ್ನ ಮೇಲೆ 43-44 ಕೆ.ಜಿ. ಐವತ್ತು ಕೆ.ಜಿ. ತೂಗುವವರು ಹೆಚ್ಚುಕಡಿಮೆ ತಮ್ಮಷ್ಟೇ ತೂಕದ ಇನ್ನೊಬ್ಬರನ್ನು ಹೊತ್ತಂತೆ. 63ರ ಜೋಡಿಯಲ್ಲಿ ಇದೇ ಲೆಕ್ಕ 38ರ ಹತ್ತಿರ ನಿಲ್ಲುತ್ತದೆ. ಆರು ಕೆ.ಜಿ. ಉಳಿತಾಯ ಕಾಗದದ ಮೇಲೆ ಸಣ್ಣದಾಗಿ ಕಾಣಬಹುದು. ಓಲಾಡುವ ದೋಣಿಯಲ್ಲಿ ಬೆಂಚಿನಿಂದ ಅಂಚಿನವರೆಗೆ ನಾಲ್ಕು ಹೆಜ್ಜೆ ಇಡುವಾಗ ಮಂಡಿಗೆ ಅದರ ಬೆಲೆ ಗೊತ್ತಾಗುತ್ತದೆ.

ನೀರೊಳಗಿನ ತೂಕದ ಲೆಕ್ಕ ಬೇರೆಯೇ, ಮತ್ತು ಆಯ್ಕೆ ತೀರ್ಮಾನವಾಗುವುದು ಅಲ್ಲೇ. ಕಡಲ ನೀರಿನಲ್ಲಿ ವಾಲ್ವ್ ಸಮೇತ ಖಾಲಿ ಅಲ್ಯೂಮಿನಿಯಂ 80 ಒಂದು ಸುಮಾರು 1.8 ಕೆ.ಜಿ.ಯಷ್ಟು ಮೇಲಕ್ಕೆ ಎಳೆಯುತ್ತದೆ, 63 ಸುಮಾರು 1 ಕೆ.ಜಿ. ಸ್ಟೀಲಿನ ಬ್ಯಾಂಡು ಮತ್ತು ಮ್ಯಾನಿಫೋಲ್ಡ್ ಹತ್ತಿರ ಹತ್ತಿರ 2 ಕೆ.ಜಿ. ಕೆಳಕ್ಕೆ ಎಳೆಯುತ್ತವೆ. ಅಂದರೆ 63ರ ಜೋಡಿ ಖಾಲಿಯಾದಾಗ ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ. ತುಂಬಿದಾಗ ಗಾಳಿಯ ತೂಕದಷ್ಟು, 4.4 ಕೆ.ಜಿ. ಕೆಳಕ್ಕೆ. ಅದರ ಮೇಲೆ 2.5 ಕೆ.ಜಿ.ಯ ಸ್ಟೀಲ್ ಪ್ಲೇಟ್ ಹಾಕಿದರೆ, 3 ಮಿ.ಮೀ. ಸೂಟು ಹಾಕುವ ತೆಳ್ಳನೆಯವರಲ್ಲಿ ಬಹುತೇಕರಿಗೆ ಮುಳುಗಲೆಂದು ಕಟ್ಟಿಕೊಳ್ಳುವ ಸೀಸದ ಅಗತ್ಯವೇ ಬೀಳುವುದಿಲ್ಲ. ವಿಂಗ್ ಹರಿದುಹೋದರೂ ಫಿನ್ ಹೊಡೆದು ಮೇಲೆ ಬರುವಷ್ಟೇ ಭಾರ.

ಇದೇ ಲೆಕ್ಕ ಸ್ಟೀಲಿಗೆ ಹಾಕಿ ನೋಡಿ. 10 ಲೀಟರ್, ಗಾಳಿಯ ಒತ್ತಡದ ಅಳತೆಯಲ್ಲಿ 232 ಬಾರ್‌ನ ಸ್ಟೀಲ್ ಟ್ಯಾಂಕು ಖಾಲಿ ಇದ್ದಾಗಲೂ ಸುಮಾರು 1 ಕೆ.ಜಿ. ಕೆಳಕ್ಕೇ ಎಳೆಯುತ್ತದೆ. ಎರಡು ಟ್ಯಾಂಕು, ಬ್ಯಾಂಡು, ಮ್ಯಾನಿಫೋಲ್ಡ್, ತುಂಬಿದ ಗಾಳಿ ಸೇರಿದರೆ ಹೆಚ್ಚುಕಡಿಮೆ 9.5 ಕೆ.ಜಿ. ಪ್ಲೇಟ್ ಹಾಕಿದರೆ 12. 30 ಮೀಟರಿನಲ್ಲಿ ವೆಟ್‌ಸೂಟ್ ಹಿಸುಕಿಹೋಗಿ ಅದರ ತೇಲುವ ಶಕ್ತಿಯ ಬಹುಪಾಲು ಹೋಗಿರುತ್ತದೆ. ಆ ಹೊತ್ತಿನಲ್ಲಿ ವಿಂಗ್ ಕೈಕೊಟ್ಟರೆ 50 ಕೆ.ಜಿ. ದೇಹದ ಕಾಲುಗಳು 12 ಕೆ.ಜಿ. ಎತ್ತಿಕೊಂಡು ಮೇಲೆ ಬರಬೇಕು. ಆಗದ ಮಾತು. ಬಿಚ್ಚಿ ಎಸೆಯೋಣವೆಂದರೆ ಸೊಂಟದಲ್ಲಿ ಸೀಸವೇ ಇಲ್ಲ, ಭಾರವೆಲ್ಲ ಟ್ಯಾಂಕಿನಲ್ಲೇ ಇದೆ. ಡ್ರೈಸೂಟ್ ಇದ್ದವರಿಗೆ ಸೂಟೇ ಎರಡನೇ ತೇಲುಚೀಲ. ವೆಟ್‌ಸೂಟಿನವರಿಗೆ ಆ ಆಸರೆ ಇಲ್ಲ. ಸ್ಟೀಲ್ ಜೋಡಿ ಮತ್ತು ತೆಳು ವೆಟ್‌ಸೂಟ್ ಒಟ್ಟಿಗೆ ಬೇಡ ಎಂದು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಉಳಿದ ಸ್ಟೀಲ್ ಮಾದರಿಗಳನ್ನು ಬೇಗ ನೋಡಿಬಿಡೋಣ. 204 ಮಿ.ಮೀ. ವ್ಯಾಸದ ಗಿಡ್ಡ 12 ಲೀಟರ್, ಉದ್ದದಲ್ಲಿ ಸಣ್ಣವರಿಗೆ ಹೇಳಿ ಮಾಡಿಸಿದಂತಿದೆ, ಅಗಲದಲ್ಲಿ ಅಲ್ಲ. 215 ಮಿ.ಮೀ. ಅಂತರದ ಮ್ಯಾನಿಫೋಲ್ಡಿನ ಮೇಲೆ ಜೋಡಿಯ ಅಗಲ 42 ಸೆಂ.ಮೀ. ಆಗುತ್ತದೆ. ಕಿರಿದಾದ ಬೆನ್ನಿನ ಎರಡೂ ಬದಿ ಟ್ಯಾಂಕು ಹೊರಚಾಚಿ, ಸ್ವಲ್ಪ ವಾಲಿದರೂ ಮೈಯನ್ನೇ ತಿರುಗಿಸುತ್ತದೆ. ಭಾರವೆಲ್ಲ ಹೆಗಲ ಹತ್ತಿರ ಇರುವುದರಿಂದ ತಲೆಯನ್ನೂ ಕೆಳಕ್ಕೆ ಎಳೆಯುತ್ತದೆ. 171 ಮಿ.ಮೀ.ಯ 10 ಲೀಟರ್ ಜೋಡಿ 185 ಮಿ.ಮೀ. ಮ್ಯಾನಿಫೋಲ್ಡಿನ ಮೇಲೆ ಕೇವಲ 35-36 ಸೆಂ.ಮೀ. ಅಗಲ, ಬೆನ್ನಿಗೆ ಅಂಟಿದಂತೆ ಕೂರುತ್ತದೆ. ಅಮೆರಿಕದ ಹೈ ಪ್ರೆಶರ್ 100 ಸ್ಟೀಲ್ ಉದ್ದ 61 ಸೆಂ.ಮೀ. ಇದ್ದರೂ ತುಂಬಿದ ಜೋಡಿ 40 ಕೆ.ಜಿ. ದಾಟುವುದರಿಂದ ಈ ಮೈಕಟ್ಟಿಗೆ ಬೇಡ. ಹೈ ಪ್ರೆಶರ್ 80 ಸ್ಟೀಲ್ 50 ಸೆಂ.ಮೀ. ಮಾತ್ರ. ಮುದ್ದಾಗಿದೆ, ಆದರೆ ಅದರದ್ದೊಂದು ತಕರಾರಿದೆ. ಬ್ಯಾಕ್‌ಪ್ಲೇಟಿನ ಎರಡು ಬೋಲ್ಟ್ ತೂತುಗಳ ಅಂತರ 11 ಇಂಚು, ಅಂದರೆ 28 ಸೆಂ.ಮೀ. ಬ್ಯಾಂಡಿನ ಅಗಲ 5 ಸೆಂ.ಮೀ. ಎರಡೂ ಬ್ಯಾಂಡು ಕೂರಲು ನೇರವಾದ ಮೈ 33 ಸೆಂ.ಮೀ. ಬೇಕು. ಮೇಲಿನ ಹೆಗಲು, ಕೆಳಗಿನ ಗುಂಡು ತಳ ಕಳೆದರೆ ಗಿಡ್ಡ ಸ್ಟೀಲಿನಲ್ಲಿ ಉಳಿಯುವುದು ಅಷ್ಟೇ. ಬ್ಯಾಂಡನ್ನು ಮೇಲೆ ಕೆಳಗೆ ಸರಿಸಿ ಹೊಂದಿಸಲು ಜಾಗವೇ ಇರುವುದಿಲ್ಲ. ಸಣ್ಣವರಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಆ ಸರಿಸುವ ಜಾಗವೇ.

ಗಾಳಿ ಸಾಕಾಗುತ್ತದೆಯೇ? ಸಾಕಾಗುತ್ತದೆ. ಸಣ್ಣ ದೇಹ ಗಾಳಿ ಕಡಿಮೆ ಎಳೆಯುವುದು ಸಾಮಾನ್ಯ. ನೀರಿನ ಮೇಲೆ ನಿಮಿಷಕ್ಕೆ 12 ಲೀಟರ್ ಎಳೆಯುವವರು 30 ಮೀಟರಿನಲ್ಲಿ, 4 ಬಾರ್ ಒತ್ತಡದಲ್ಲಿ, ನಿಮಿಷಕ್ಕೆ 48 ಲೀಟರ್ ಖರ್ಚು ಮಾಡುತ್ತಾರೆ. 63ರ ಜೋಡಿಯಲ್ಲಿ 207 ಬಾರ್‌ಗೆ ಸುಮಾರು 3,570 ಲೀಟರ್ ಗಾಳಿ. 80ರ ಜೋಡಿಯಲ್ಲಿ ಸುಮಾರು 4,380. ಮೀಸಲು ಲೆಕ್ಕ ಹೀಗೆ: ಜೊತೆಗಾರರ ಗಾಳಿ ಮುಗಿದು ಇಬ್ಬರೂ ಗಾಬರಿಯಲ್ಲಿ ತಲಾ 20 ಲೀಟರ್ ಎಳೆಯುತ್ತಿದ್ದಾರೆ ಎಂದುಕೊಳ್ಳಿ. ತಳದಲ್ಲಿ 1 ನಿಮಿಷಕ್ಕೆ 160 ಲೀಟರ್. ಸರಾಸರಿ 2.5 ಬಾರ್‌ನಲ್ಲಿ 4 ನಿಮಿಷ ಮೇಲೇರಲು 400. 5 ಮೀಟರಿನಲ್ಲಿ 3 ನಿಮಿಷ ನಿಲ್ಲಲು 180. ಒಟ್ಟು 740 ಲೀಟರ್. 63ರ ಜೋಡಿಯ ಒಟ್ಟು ಒಡಲು 18 ಲೀಟರ್, ಹಾಗಾಗಿ ಒತ್ತಡದ ಮೀಟರಿನಲ್ಲಿ 41 ಬಾರ್. ದುಂಡಗೆ 50 ಇಟ್ಟುಕೊಳ್ಳಿ. ಇದನ್ನು ಬಿಟ್ಟು ಉಳಿದ ಗಾಳಿಯಲ್ಲೇ 30 ಮೀಟರಿನ ನೋ-ಡೆಕೋ ಅವಧಿ (ಮೇಲೇರುವಾಗ ಕಡ್ಡಾಯವಾಗಿ ನಡುನಡುವೆ ನಿಲ್ಲುವ 'ಡೆಕೋ' ಬೇಕಾಗದಷ್ಟು ಹೊತ್ತು) ಆರಾಮವಾಗಿ ಮುಗಿಯುತ್ತದೆ. ಜೊತೆಗಾರರು ದೊಡ್ಡ ಆಳಾಗಿದ್ದು ಗಾಳಿ ಹೆಚ್ಚು ಎಳೆಯುವವರಾದರೆ ಅವರ ಸಂಖ್ಯೆ ಹಾಕಿ ಮತ್ತೆ ಕೂಡಿ. ಮೀಸಲು ಇರುವುದು ಅವರಿಗಾಗಿಯೇ.

ಜೋಡಣೆಯಲ್ಲಿ ಆತುರ ಬೇಡ. ಗಾಳಿ ಪೂರ್ತಿ ಖಾಲಿ ಮಾಡಿ, ಎರಡೂ ಟ್ಯಾಂಕುಗಳನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ವಾಲ್ವ್‌ಗಳು ಒಂದಕ್ಕೊಂದು ಎದುರಾಗಿರಲಿ. ಮ್ಯಾನಿಫೋಲ್ಡಿನ ನಡುದಂಡದ ಒಂದು ತುದಿಗೆ ಬಲಮರೆ (ಬಲಕ್ಕೆ ತಿರುಗಿಸಿದರೆ ಬಿಗಿಯುವ ತಿರುಪು), ಇನ್ನೊಂದಕ್ಕೆ ಎಡಮರೆ. ಎರಡೂ ಕಡೆ ಸಮನಾಗಿ ತಿರುಗಿಸಿ ಕೂರಿಸಬೇಕು. ಒಂದೇ ಕಡೆ ಹೆಚ್ಚು ಹೋದರೆ ಐಸೊಲೇಟರ್ (ಎರಡು ಟ್ಯಾಂಕುಗಳ ನಡುವಿನ ಗಾಳಿಯ ದಾರಿ ಮುಚ್ಚುವ ವಾಲ್ವ್) ಗುಂಡಿ ನಡುವಿಗೆ ಬರುವುದಿಲ್ಲ. ಆಮೇಲೆ ಬ್ಯಾಂಡುಗಳನ್ನು ಸಡಿಲವಾಗಿ ತೂರಿಸಿ, ಮೇಲಿನ ಬ್ಯಾಂಡು ಹೆಗಲಿನ ಬಾಗು ಮುಗಿಯುವ ಕಡೆಗೂ, ಕೆಳಗಿನದು ಅಲ್ಲಿಂದ 28 ಸೆಂ.ಮೀ. ಕೆಳಗೂ ಬರುವಂತೆ ಇಟ್ಟು, ಎರಡನ್ನೂ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಿರಿ. ಬಿಗಿದ ಮೇಲೂ ನಡುದಂಡ ಬೆರಳಿನಿಂದ ಕೊಂಚ ತಿರುಗುವಂತಿರಬೇಕು. ಗಟ್ಟಿಯಾಗಿ ಸಿಕ್ಕಿಕೊಂಡಿದ್ದರೆ ಟ್ಯಾಂಕುಗಳು ಒಂದಕ್ಕೊಂದು ಸಮಾಂತರವಾಗಿಲ್ಲ ಎಂದರ್ಥ. ಆ ಒತ್ತಡವೆಲ್ಲ ಸೋರಿಕೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಮೇಲೆ ಬಿದ್ದು ನೀರಿನಲ್ಲಿ ಸಣ್ಣ ಗುಳ್ಳೆಸಾಲು ಶುರುವಾಗುತ್ತದೆ. ಬ್ಯಾಂಡು ಬಿಚ್ಚಿ ಮೊದಲಿಂದ ಮಾಡಿ. ಮೇಲಿಂದ ಸ್ಪ್ಯಾನರ್ ಹಾಕಿ ಸರಿಮಾಡಲು ಹೋಗಬೇಡಿ.

ಮೈಗೆ ಹೊಂದಿಸುವುದು ನೀರಿನಲ್ಲೇ ಆಗಬೇಕು. ಅಡ್ಡಲಾಗಿ ಮಲಗಿದ ಭಂಗಿಯಲ್ಲಿ ಮುಂದಕ್ಕೆ ನೋಡಲು ತಲೆ ಎತ್ತಿದಾಗ, ತಲೆಯ ಹಿಂಭಾಗಕ್ಕೂ ಐಸೊಲೇಟರಿಗೂ ನಡುವೆ ಎರಡು ಬೆರಳು ಜಾಗ ಇರಬೇಕು. ಅದೇ ಭಂಗಿಯಲ್ಲಿ ಬಲಗೈ ಬಲ ವಾಲ್ವ್‌ಗೆ, ಎಡಗೈ ಎಡ ವಾಲ್ವ್‌ಗೆ, ಯಾವುದಾದರೊಂದು ಕೈ ಐಸೊಲೇಟರಿಗೆ ಎಟುಕಿ, ಪೂರ್ತಿ ಮುಚ್ಚಿ ತೆರೆಯಲು ಆಗಬೇಕು. ತಲೆ ತಾಗಿದರೆ ಬ್ಯಾಂಡನ್ನು ಟ್ಯಾಂಕಿನ ಮೇಲ್ಭಾಗಕ್ಕೆ ಸರಿಸಿ, ಟ್ಯಾಂಕು ಕೆಳಗಿಳಿಯುತ್ತದೆ. ಕೈ ಎಟುಕದಿದ್ದರೆ ಬ್ಯಾಂಡನ್ನು ಕೆಳಕ್ಕೆ, ಟ್ಯಾಂಕು ಮೇಲೇರುತ್ತದೆ. ಒಂದು ಸಲಕ್ಕೆ ಒಂದು ಸೆಂ.ಮೀ. ಸಾಕು. ತೋಳು ಗಿಡ್ಡ ಇರುವವರಿಗೆ ಈ ಎರಡರ ನಡುವಿನ ಜಾಗ ತೀರ ಕಿರಿದು; 80ರಲ್ಲಿ ಅದು ಸಿಗದೇ ಹೋಗುವುದೂ ಉಂಟು. ಆಗ ಹೆಗಲ ಪಟ್ಟಿ ತೀರ ಬಿಗಿಯಾಗಿದೆಯೇ ನೋಡಿ. ಅನೇಕರು ಟ್ಯಾಂಕು ಜಾರದಿರಲೆಂದು ಪಟ್ಟಿ ಬಿಗಿದು, ತೋಳು ಹಿಂದಕ್ಕೆ ಹೋಗದಂತೆ ತಾವೇ ಕಟ್ಟಿಹಾಕಿಕೊಂಡಿರುತ್ತಾರೆ. ಪಟ್ಟಿಯ ಕೆಳಗೆ ಮುಷ್ಟಿ ತೂರುವಷ್ಟು ಸಡಿಲ ಬೇಕು. ಭಾರ ಹಿಡಿಯುವುದು ಸೊಂಟದ ಪಟ್ಟಿ ಮತ್ತು ತೊಡೆಸಂದಿನ ಪಟ್ಟಿಯ ಕೆಲಸ.

ಬ್ಯಾಕ್‌ಪ್ಲೇಟ್ ಗಿಡ್ಡದ್ದೇ ತೆಗೆದುಕೊಳ್ಳಿ. ಮಾಮೂಲಿ ಪ್ಲೇಟ್ 38 ಸೆಂ.ಮೀ. ಮೀರಿದ್ದು, ಕೆಳಗಿನ ಅಂಚು ಸೊಂಟದ ಮೂಳೆಗಿಂತ ಕೆಳಗೆ ಬಂದು ಸೊಂಟಪಟ್ಟಿ ಕೂರಬೇಕಾದ ಕಡೆ ಕೂರುವುದಿಲ್ಲ. ಆದರೆ ಗಿಡ್ಡ ಪ್ಲೇಟಿನಲ್ಲೂ 11 ಇಂಚಿನ ತೂತುಗಳಿವೆಯೇ ಎಂದು ಕೇಳಿಯೇ ಕೊಳ್ಳಬೇಕು. ವಿಂಗ್ ವಿಷಯಕ್ಕೆ ಬಂದರೆ ಅಲ್ಯೂಮಿನಿಯಂ ಜೋಡಿಗೆ 18 ಕೆ.ಜಿ. ಎತ್ತುವಂಥದ್ದು ಧಾರಾಳ. ಅದಕ್ಕಿಂತ ದೊಡ್ಡದು ಟ್ಯಾಂಕಿನ ಸುತ್ತ ಮಡಚಿಕೊಂಡು ಗಾಳಿಯನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಅಲ್ಯೂಮಿನಿಯಂ ಟ್ಯಾಂಕಿನ ತಳ ಚಪ್ಪಟೆ, ತಳಕ್ಕೆ ತೊಡಿಸುವ ಬೂಟು ಬೇಡ. ಸ್ಟೀಲಿಗೆ ಬೂಟು ಹಾಕಿದರೆ ಉದ್ದವೂ ಹೆಚ್ಚುತ್ತದೆ, ಒಳಗೆ ಉಪ್ಪುನೀರು ನಿಂತು ತುಕ್ಕೂ ಹಿಡಿಯುತ್ತದೆ.

ತುಂಬಿಸುವಾಗ ಆಗುವ ಒಂದು ತಪ್ಪು ಎಲ್ಲರೂ ತಿಳಿದಿರಬೇಕಾದದ್ದು. ಐಸೊಲೇಟರ್ ಮುಚ್ಚಿದ್ದಾಗ ಒಂದು ಕಡೆಯ ವಾಲ್ವ್‌ನಿಂದ ಗಾಳಿ ಹಾಕಿದರೆ ಒಂದು ಟ್ಯಾಂಕು ಮಾತ್ರ ತುಂಬುತ್ತದೆ. ಪ್ರೆಶರ್ ಮೀಟರ್ ಸಾಮಾನ್ಯವಾಗಿ ಎಡಗಡೆಗೆ ಇರುತ್ತದೆ. ಎಡ ಟ್ಯಾಂಕು ತುಂಬಿದ್ದರೆ ಮೀಟರ್ 200 ತೋರಿಸುತ್ತದೆ. ನೀವು ಉಸಿರಾಡುವುದು ಬಲಗಡೆಯ, ಅರ್ಧ ಖಾಲಿ ಟ್ಯಾಂಕಿನಿಂದ. ಉಸಿರು ಎಳೆದಂತೆ ಮೀಟರಿನ ಮುಳ್ಳು ಇಳಿಯದಿದ್ದರೆ ಕೈ ಮೊದಲು ಐಸೊಲೇಟರಿಗೆ ಹೋಗಬೇಕು. ತುಂಬಿಸುವ ಮುನ್ನ, ತುಂಬಿಸಿದ ನಂತರ, ನೀರಿಗೆ ಇಳಿಯುವ ಮುನ್ನ, ಮೂರು ಸಲವೂ ತೆರೆದಿದೆಯೇ ಎಂದು ಕೈಯಿಂದಲೇ ತಿರುಗಿಸಿ ನೋಡಿ.

ನಮ್ಮ ಕಡೆಯ ನೀರಿನ ವಿಷಯಕ್ಕೆ ಬಂದರೆ ಲೆಕ್ಕ ಇನ್ನಷ್ಟು ಬದಲಾಗುತ್ತದೆ. ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಎರಡೂ ಸಿಹಿನೀರು, ಕಡಲಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಸೀಮೆ. ಅಲ್ಲಿ ತರಬೇತಿಗೋ ಶೋಧಕ್ಕೋ ಇಳಿಯುವುದಿದ್ದರೆ ಅನುಮತಿ ಪಡೆದೇ ಇಳಿಯಬೇಕು. ಸಿಹಿನೀರು ಕಡಲ ನೀರಿಗಿಂತ ಶೇ. 2.5ರಷ್ಟು ಹಗುರ. ಮೈ, ಸಾಮಾನು ಸೇರಿ 95 ಲೀಟರ್ ಜಾಗ ಹಿಡಿಯುವವರು ಅಲ್ಲಿ 2.4 ಕೆ.ಜಿ.ಯಷ್ಟು ಹೆಚ್ಚು ಮುಳುಗುತ್ತಾರೆ. ನೇತ್ರಾಣಿಯಲ್ಲಿ ಸೀಸ ಕಟ್ಟಿದ್ದವರು ತೆಗೆದರೆ ಮುಗಿಯಿತು. ಸೀಸವೇ ಇಲ್ಲದವರು ಸ್ಟೀಲ್ ಪ್ಲೇಟಿನ ಬದಲು ಅಲ್ಯೂಮಿನಿಯಂ ಪ್ಲೇಟ್ ಹಾಕಬೇಕು. ಸ್ಟೀಲ್ ಟ್ಯಾಂಕಿನವರಿಗೆ ತೆಗೆಯಲು ಏನೂ ಉಳಿದಿರುವುದಿಲ್ಲ. 300 ಮೀಟರ್ ಮೇಲಿನ ಯಾವ ಡೈವ್ ಆದರೂ ಎತ್ತರದ ಡೈವ್ ಎಂದೇ ಲೆಕ್ಕ, ಡೈವ್ ಕಂಪ್ಯೂಟರನ್ನು ಅದಕ್ಕೆ ಹೊಂದಿಸಿ. ಕೆರೆಯ ಅಂಚಿನ ಕೆಸರು ಇಳಿಜಾರಿನಲ್ಲಿ 38 ಕೆ.ಜಿ. ಹೊತ್ತು ನಡೆಯುವ ಸಾಹಸ ಬೇಡ. ವಿಂಗ್‌ಗೆ ಗಾಳಿ ತುಂಬಿ ಜೋಡಿಯನ್ನು ನೀರಿನಲ್ಲಿ ತೇಲಿಬಿಟ್ಟು, ಸೊಂಟದವರೆಗಿನ ನೀರಿನಲ್ಲಿ ನಿಂತು ಹಾಕಿಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು ಕರಾವಳಿಯಿಂದ ವಾಪಸು ಬರುವ ದಾರಿ. ಜೋಡಿ ಟ್ಯಾಂಕು ಎಂದರೆ ಉದ್ದನೆಯ ಡೈವು, ಮೈಯಲ್ಲಿ ಹೆಚ್ಚು ನೈಟ್ರೋಜನ್. ಎತ್ತರಕ್ಕೆ ಹೋದಂತೆ ಹೊರಗಿನ ಒತ್ತಡ ಇಳಿದು ಅದು ಗುಳ್ಳೆಯಾಗಬಹುದು. ಡೈವ್ ನಂತರದ ವಿಮಾನಯಾನಕ್ಕೆ ಡೈವಿಂಗ್ ಸುರಕ್ಷತೆಯ ಡ್ಯಾನ್ ಸಂಸ್ಥೆ ಕೊಟ್ಟಿರುವ ಕಾಯುವ ಅವಧಿ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯ: ಒಂದೇ ನೋ-ಡೆಕೋ ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಆಗಿದ್ದರೆ 18, ಡೆಕೋ ಮಾಡಿದ್ದರೆ ಅದಕ್ಕೂ ಸಾಕಷ್ಟು ಹೆಚ್ಚು. ದಾವಣಗೆರೆ ಆ ಗೆರೆಯ ಮೇಲೇ ಕೂತಿದೆ, ಚಿತ್ರದುರ್ಗ 700 ಮೀಟರ್ ದಾಟಿದೆ, ಘಟ್ಟದ ನೆತ್ತಿಯಲ್ಲೂ ಹಲವು ಕಡೆ ಅಷ್ಟೇ ಎತ್ತರ. ಮಧ್ಯಾಹ್ನ ಮುರುಡೇಶ್ವರದಲ್ಲಿ ಕೊನೆಯ ಡೈವ್ ಮುಗಿಸಿ ಸಂಜೆಗೇ ಘಟ್ಟ ಹತ್ತುವ ಅಭ್ಯಾಸ ಬಿಡಬೇಕು. ರಾತ್ರಿ ಕೆಳಗೇ ಉಳಿದು, 18 ಗಂಟೆ ತುಂಬಿದ ಮೇಲೆ ಹೊರಡಿ.

ಕೊಳ್ಳುವ ವಿಚಾರ. ಉಸಿರಾಟದ ಗಾಳಿ ತುಂಬಿಸಲು ಅದಕ್ಕೆಂದೇ ಇರುವ ಕಂಪ್ರೆಸರ್, ಫಿಲ್ಟರ್ ಬೇಕು. ವೆಲ್ಡಿಂಗ್ ಗ್ಯಾಸಿನ ಅಂಗಡಿಯಲ್ಲೋ ಟೈರ್ ಅಂಗಡಿಯಲ್ಲೋ ಆಗುವ ಕೆಲಸವಲ್ಲ. ಎಣ್ಣೆಯ ಹಬೆ, ಕಾರ್ಬನ್ ಮಾನಾಕ್ಸೈಡ್ ಎರಡೂ ಆಳದಲ್ಲಿ ಪ್ರಾಣ ತೆಗೆಯುತ್ತವೆ. ಆದ್ದರಿಂದ ವರ್ಷಕ್ಕೆ ಒಂದೆರಡು ಸಲ ಇಳಿಯುವವರು ಬ್ಯಾಕ್‌ಪ್ಲೇಟ್, ವಿಂಗ್, ರೆಗ್ಯುಲೇಟರ್ ಸ್ವಂತಕ್ಕೆ ಇಟ್ಟುಕೊಂಡು ಟ್ಯಾಂಕನ್ನು ಬಾಡಿಗೆಗೆ ತೆಗೆದುಕೊಳ್ಳುವುದೇ ಜಾಣತನ. ಬೆನ್ನುನೋವಿನವರು ಟ್ಯಾಂಕನ್ನು ಮೈಯ ಪಕ್ಕಕ್ಕೆ ಕಟ್ಟುವ ಸೈಡ್‌ಮೌಂಟ್ ಕಲಿಯುವುದನ್ನೂ ಯೋಚಿಸಬಹುದು. ಟ್ಯಾಂಕುಗಳನ್ನು ಒಂದೊಂದಾಗಿ ನೀರಿಗೆ ಒಯ್ಯಬಹುದು.

ಹೊರದೇಶದಿಂದ ತರಿಸುವವರು ಗ್ಯಾಸ್ ಸಿಲಿಂಡರ್ಸ್ ನಿಯಮ 2016ರ ಪ್ರಕಾರ, ಸ್ಫೋಟಕ, ಗ್ಯಾಸ್ ಸಿಲಿಂಡರುಗಳ ಸುರಕ್ಷತೆ ನೋಡಿಕೊಳ್ಳುವ, ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಸಂಸ್ಥೆಯ ಅನುಮತಿ ಮೊದಲು ಪಡೆಯಬೇಕು. ಟ್ಯಾಂಕು ಬಂದರಿಗೆ ಬಂದ ಮೇಲೆ ಕಾಗದ ಹುಡುಕುವುದಲ್ಲ. ಹಳೆಯದು ಕೊಳ್ಳುವಾಗ ಹೆಗಲ ಮೇಲಿನ ಮುದ್ರೆ ಓದಿ: ತಯಾರಾದ ತಿಂಗಳು, ವರ್ಷ, ಕೊನೆಯ ಹೈಡ್ರೋ ಟೆಸ್ಟ್ (ನೀರು ತುಂಬಿ ಮಾಡುವ ಒತ್ತಡದ ಪರೀಕ್ಷೆ) ದಿನಾಂಕ. ಹೈಡ್ರೋ 5 ವರ್ಷಕ್ಕೊಮ್ಮೆ, ಒಳಗಿನ ತಪಾಸಣೆ ವರ್ಷಕ್ಕೊಮ್ಮೆ ಎಂಬುದು ಡೈವಿಂಗ್‌ನಲ್ಲಿ ನಡೆದುಬಂದ ಕ್ರಮ. 1990ಕ್ಕಿಂತ ಹಿಂದಿನ ಅಲ್ಯೂಮಿನಿಯಂ ಟ್ಯಾಂಕು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಆ ಕಾಲದ ಎಷ್ಟೋ ಟ್ಯಾಂಕುಗಳು 6351 ಎಂಬ ಮಿಶ್ರಲೋಹದವು, ಕತ್ತಿನಲ್ಲಿ ಬಿರುಕು ಬಿಡುವ ಗುಣ ಇರುವಂಥವು, ಈಗಿನವು 6061. ಇನ್ನೊಂದು, ಟ್ಯಾಂಕಿನ ಕತ್ತಿನ ತಿರುಪಿನ ಮರೆ. ಯುರೋಪಿನ ಟ್ಯಾಂಕುಗಳಿಗೆ ಎಂ25, ಅಮೆರಿಕದವಕ್ಕೆ ಮುಕ್ಕಾಲು ಇಂಚು. ಎಂ25ರ ವಾಲ್ವ್ ಮುಕ್ಕಾಲು ಇಂಚಿನ ಕತ್ತಿಗೆ ನಾಲ್ಕಾರು ಸುತ್ತು ಹೋಗಿ ಕೂತಂತೆಯೇ ಕಾಣುತ್ತದೆ. ಗಾಳಿ ತುಂಬಿದಾಗ ಗುಂಡಿನಂತೆ ಹಾರುತ್ತದೆ. ಮ್ಯಾನಿಫೋಲ್ಡ್ ಒಂದು ಕಡೆ, ಟ್ಯಾಂಕು ಇನ್ನೊಂದು ಕಡೆ ಕೊಂಡವರು ಎರಡರ ಮುದ್ರೆಯನ್ನೂ ತಾಳೆ ನೋಡದೆ ಒಂದು ಸುತ್ತೂ ತಿರುಗಿಸಬಾರದು.

ಮನೆಯಲ್ಲಿ ಇಡುವಾಗ 20 ಬಾರ್ ಗಾಳಿ ಉಳಿಸಿ, ನೆರಳಿನಲ್ಲಿ ನಿಲ್ಲಿಸಿ. ಏಪ್ರಿಲ್ ಬಿಸಿಲಿಗೆ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಕಾವು 60 ಡಿಗ್ರಿ ಮುಟ್ಟಬಹುದು. 27 ಡಿಗ್ರಿಯಲ್ಲಿ 200 ಬಾರ್ ಇದ್ದ ಟ್ಯಾಂಕು ಆಗ 222 ತೋರಿಸುತ್ತದೆ. 207 ಬಾರ್‌ನ ಅಲ್ಯೂಮಿನಿಯಂಗೆ ಅದು ಕೆಲಸದ ಒತ್ತಡಕ್ಕಿಂತ ಮೇಲೆ. ತುಂಬಿದ ಜೋಡಿ ಕಾರಿನಲ್ಲಿದ್ದರೆ ಮಲಗಿಸಿ, ಉರುಳದಂತೆ ಎರಡೂ ಬದಿ ಕಟ್ಟಿ, ವಾಲ್ವ್ ತುದಿ ಯಾವುದಕ್ಕೂ ತಾಗದಂತೆ ಇಡಿ. ಹಿರಿಯೂರಿನಲ್ಲೋ ಸಾಗರ ಪಟ್ಟಣದಲ್ಲೋ ಊಟಕ್ಕೆ ನಿಲ್ಲಿಸುವಾಗಲೂ ಗಾಡಿಗೆ ಮರದ ನೆರಳೇ ಬೇಕು.